ತಲೆಕೆಳಗಾಗಿ ತೂಗುವ ಇಪ್ಪತ್ತು ನಿಮಿಷ: ಮೊದಲ ಸಲ ಕಡ್ಡಿಕೀಟ ಸಾಕುವವರಿಗೆ

ಇಂಗ್ಲೆಂಡಿನ ಶಾಲೆಗಳಲ್ಲಿ ತರಗತಿಯ ಮೂಲೆಯೊಂದರಲ್ಲಿ ಕಡ್ಡಿಕೀಟಗಳನ್ನು ಸಾಕಿ ಮಕ್ಕಳಿಗೆ ತೋರಿಸುವ ರೂಢಿ ಹಿಂದಿನಿಂದಲೂ ಇದೆ. ನಮ್ಮ ಮನೆಗೆ ಅವು ಬಂದದ್ದೂ ಹಾಗೆಯೇ. ಬೇಸಿಗೆ ರಜೆ ಶುರುವಾಗುವ ಮುನ್ನಾದಿನ ಮಗಳು ಮೊಸರಿನ ಖಾಲಿ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಅದರೊಳಗೆ ಒಂದು ಐವಿ ಬಳ್ಳಿಯ ಎಲೆ, ಎಲೆಯ ಅಂಚಿನಲ್ಲಿ ಆರು ಮರಿಗಳು, ಒಂದೊಂದೂ ಬೆಂಕಿಕಡ್ಡಿಯ ಅರ್ಧದಷ್ಟು ಉದ್ದ. ನಾನು ಅವನ್ನು ಅಡುಗೆಮನೆಯ ಅಗಲವಾದ, ಆದರೆ ನಾಲ್ಕು ಬೆರಳಿನಷ್ಟೇ ಎತ್ತರದ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಬಿಟ್ಟು, ಮುಚ್ಚಳಕ್ಕೆ ತೂತು ಕೊರೆದು, ದಿನವೂ ತಪ್ಪದೆ ಎಲೆ ಕೊಟ್ಟೆ. ಅವು ಚೆನ್ನಾಗಿ ತಿಂದವು, ಕಣ್ಣಿಗೆ ಕಾಣುವಷ್ಟು ಬೆಳೆದವು. ಆದರೆ ಒಂದೂವರೆ ತಿಂಗಳಲ್ಲಿ ಮೂರು ಮರಿಗಳು ಸತ್ತವು, ಮತ್ತು ಮೂರೂ ಸತ್ತ ರೀತಿ ಒಂದೇ ಆಗಿತ್ತು: ಡಬ್ಬಿಯ ತಳದಲ್ಲಿ, ಅರ್ಧ ಕಳಚಿದ ಪೊರೆಯೊಳಗೆ ಕಾಲುಗಳು ಸಿಕ್ಕಿಕೊಂಡು, ಮೈ ಕೊಕ್ಕೆಯಂತೆ ಬಾಗಿ.

ಆಹಾರ ಸಾಲದೆ ಹೋಗಿರಲಿಲ್ಲ, ರೋಗವೂ ಬಂದಿರಲಿಲ್ಲ. ಪೊರೆ ಬಿಡಲು ಬೇಕಾದ ಎತ್ತರವನ್ನು ನಾನು ಅವುಗಳಿಗೆ ಕೊಟ್ಟಿರಲಿಲ್ಲ. ಕಡ್ಡಿಕೀಟ ಸಾಕುವುದೆಂದರೆ ಗೂಡು ಎಷ್ಟು ದೊಡ್ಡದಿರಬೇಕು, ನೀರು ಎಷ್ಟು ಚಿಮುಕಿಸಬೇಕು, ಯಾವ ಸೊಪ್ಪು ಹಾಕಬೇಕು, ಕೈಯಲ್ಲಿ ಹಿಡಿಯಬಹುದೇ ಎಂದು ಹತ್ತಾರು ನಿಯಮಗಳನ್ನು ಹೇಳುವವರಿದ್ದಾರೆ. ಬಿಡಿಬಿಡಿಯಾಗಿ ಕೇಳಿದಾಗ ಅವು ನೆನಪಿನಲ್ಲಿ ಉಳಿಯುವುದಿಲ್ಲ. ಆದರೆ ಆ ನಿಯಮಗಳಲ್ಲಿ ಬಹುಪಾಲು ಒಂದೇ ಘಟನೆಯಿಂದ ಹುಟ್ಟಿದವು: ಈ ಜೀವಿ ತನ್ನ ಆಯುಷ್ಯದಲ್ಲಿ ಐದಾರು ಸಲ ತಲೆಕೆಳಗಾಗಿ ತೂಗಿ, ಹಳೆಯ ಪೊರೆಯಿಂದ ಜಾರಿ ಹೊರಬರುತ್ತದೆ. ಆ ಸುಮಾರು ಇಪ್ಪತ್ತು ನಿಮಿಷ ಸುಗಮವಾಗಿ ಕಳೆದರೆ ಉಳಿದದ್ದೆಲ್ಲ ಸುಲಭ. ಅದನ್ನು ಅರ್ಥ ಮಾಡಿಕೊಂಡವರು ಪಟ್ಟಿ ನೋಡದೆಯೇ ಗೂಡನ್ನು ಸರಿಯಾಗಿ ಅಣಿಗೊಳಿಸಬಲ್ಲರು.

ಮೊದಲಿಗೆ, ಯಾವ ಕೀಟದ ಮಾತಾಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಲಿ. ಕಡ್ಡಿಕೀಟ ಮತ್ತು ಎಲೆಕೀಟಗಳು ಫ್ಯಾಸ್ಮಿಡಾ ಎಂಬ ಒಂದೇ ಗಣಕ್ಕೆ ಸೇರಿದವು. ಗ್ರೀಕ್ ಭಾಷೆಯಲ್ಲಿ ‘ಫಾಸ್ಮಾ’ ಎಂದರೆ ಕಣ್ಣೆದುರು ಮೂಡಿ ಮಾಯವಾಗುವ ಛಾಯೆ, ಭೂತ. ಈ ಗಣದಲ್ಲಿ 3,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ, ಮತ್ತು ಎಲ್ಲವೂ ಸಸ್ಯಾಹಾರಿಗಳು. ಮುಂಗಾಲು ಮಡಚಿ ಬೇಟೆಗೆ ಹೊಂಚುಹಾಕುವ ಮ್ಯಾಂಟಿಸ್‌ನೊಂದಿಗೆ ಇವುಗಳನ್ನು ಬೆರೆಸಿಕೊಳ್ಳುವವರು ಅನೇಕರು. ಕಡ್ಡಿಕೀಟಕ್ಕೆ ಬೇಟೆ ಗೊತ್ತಿಲ್ಲ, ಅದು ಕುಟುಕುವುದೂ ಇಲ್ಲ. ಯುರೋಪಿನ ಮನೆಗಳಲ್ಲಿ, ಶಾಲೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಾಕುವುದು ಕರಾಸಿಯಸ್ ಮೊರೋಸಸ್ ಎಂಬ ಒಂದು ಪ್ರಭೇದವನ್ನು. ಇಂಗ್ಲಿಷರು ಅದನ್ನು ‘ಇಂಡಿಯನ್ ಸ್ಟಿಕ್ ಇನ್ಸೆಕ್ಟ್’ ಎನ್ನುತ್ತಾರೆ, ಮತ್ತು ಈ ಹೆಸರು ನಿಜಕ್ಕೂ ಅದರ ಊರನ್ನೇ ಹೇಳುತ್ತದೆ. 1901ರಲ್ಲಿ ಫ್ರಾನ್ಸಿನ ರಾಬರ್ಟ್ ದ ಸಿನೆಟಿ ಈ ಕೀಟವನ್ನು ವಿಜ್ಞಾನಕ್ಕೆ ಪರಿಚಯಿಸಿದಾಗ ಅದರ ಮೂಲ ನೆಲೆ ಎಂದು ದಾಖಲಾದದ್ದು ಶೆಂಬಗನೂರು, ಅಂದರೆ ತಮಿಳುನಾಡಿನ ಪಳನಿ ಬೆಟ್ಟಗಳಲ್ಲಿ ಕೊಡೈಕೆನಾಲ್ ಪಕ್ಕದ ಊರು. 1980ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಫ್ಯಾಸ್ಮಿಡ್ ಸ್ಟಡಿ ಗ್ರೂಪ್ ಎಂಬ ಸಂಘ ಸಾಕಣೆಗೆ ಬಂದ ಪ್ರಭೇದಗಳಿಗೆ ಒಂದೊಂದು ಕ್ರಮಸಂಖ್ಯೆ ಕೊಡುತ್ತದೆ. ಆ ಪಟ್ಟಿಯ ಮೊದಲ ಸಂಖ್ಯೆ ನಮ್ಮ ದಕ್ಷಿಣದ ಈ ಬೆಟ್ಟದ ಕೀಟದ್ದು.

ಬೆಟ್ಟದ ಕೀಟ ಎಂಬ ಮಾತಿಗೆ ಇಲ್ಲಿ ಮಹತ್ವವಿದೆ. ಭಾರತದಿಂದ ಬಂದದ್ದು ಎಂದ ಕೂಡಲೇ ಬಿಸಿ ಬೇಕಾದೀತು ಎಂದುಕೊಂಡು ಗೂಡಿಗೆ ದೀಪ ಹಚ್ಚಿಡುವವರನ್ನು ಕಂಡಿದ್ದೇನೆ. ಪಳನಿ ಬೆಟ್ಟದ ಮೇಲ್ಭಾಗದ ಹವೆ ಗೊತ್ತಿರುವ ಯಾರೂ ಹಾಗೆ ಮಾಡುವುದಿಲ್ಲ. ಇಬ್ಬನಿ, ಮಂಜು, ತಂಪಾದ ರಾತ್ರಿ ಇದರ ಮೂಲ ಪರಿಸರ. ಹಾಗಾಗಿ 18ರಿಂದ 25 ಡಿಗ್ರಿ ಸೆಲ್ಸಿಯಸ್ ಇರುವ ಸಾಮಾನ್ಯ ಕೋಣೆ ಇದಕ್ಕೆ ಸಾಕು, ಬೇರೆ ಕಾವು ಬೇಕಿಲ್ಲ. ಚಳಿಗಿಂತ ಇದಕ್ಕೆ ಹೆಚ್ಚು ಕಷ್ಟವಾಗುವುದು ಕೋಣೆ ಕಾಯಿಸುವ ರೇಡಿಯೇಟರ್‌ನ ಒಣ ಗಾಳಿಯಿಂದ ಮತ್ತು ಕಿಟಕಿಯ ಗಾಜಿನಿಂದ ನೇರವಾಗಿ ಬೀಳುವ ಬಿಸಿಲಿನಿಂದ.

ಈಗ ಪೊರೆಯ ವಿಷಯಕ್ಕೆ ಬರುತ್ತೇನೆ. ಕೀಟಗಳಿಗೆ ಒಳಗೆ ಎಲುಬಿಲ್ಲ. ಮೈಯನ್ನು ಹೊತ್ತು ನಿಲ್ಲುವುದು ಹೊರಗಿನ ಗಟ್ಟಿ ಕವಚವೇ. ಒಮ್ಮೆ ಗಟ್ಟಿಯಾದ ಕವಚ ಹಿಗ್ಗುವುದಿಲ್ಲವಾದ್ದರಿಂದ ಬೆಳೆಯಬೇಕಾದರೆ ಅದನ್ನು ಕಳಚಲೇಬೇಕು. ಕಳಚುವ ಮುನ್ನ ಹಳೆಯ ಕವಚದ ಕೆಳಗೆ ಹೊಸದೊಂದು, ಮೆತ್ತಗೆ, ನೆರಿಗೆ ನೆರಿಗೆಯಾಗಿ ಸಿದ್ಧವಾಗಿರುತ್ತದೆ, ಮತ್ತು ಎರಡರ ನಡುವೆ ದ್ರವದ ತೆಳುಪದರ ಇರುತ್ತದೆ. ಪೊರೆ ಬಿಡುವ ಸಮಯ ಹತ್ತಿರ ಬಂದಾಗ ಮರಿ ಒಂದೆರಡು ದಿನ ತಿನ್ನುವುದನ್ನು ನಿಲ್ಲಿಸಿ, ಗೂಡಿನ ಚಾವಣಿಗೋ ಮೇಲಿನ ಕೊಂಬೆಗೋ ಕಾಲು ಹೂಡಿ, ತಲೆ ಕೆಳಗೆ ಮಾಡಿ ತೂಗುತ್ತದೆ. ಹೊಸಬರು ಇದನ್ನು ಕಂಡು ಕಾಯಿಲೆ ಬಂತೆಂದು ಗಾಬರಿಯಾಗಿ ಅದನ್ನು ಬಿಡಿಸಿ ಎಲೆಯ ಮೇಲೆ ಕೂರಿಸುತ್ತಾರೆ. ಇದು ಮಾಡಬಾರದ ಕೆಲಸಗಳಲ್ಲಿ ಮೊದಲನೆಯದು.

ಉಳಿದ ಮೂರು ಮರಿಗಳನ್ನು ಎತ್ತರದ ಬಲೆಗೂಡಿಗೆ ಬದಲಾಯಿಸಿದ ಮೇಲೆ ಒಂದು ರಾತ್ರಿ, ಹನ್ನೊಂದರ ಸುಮಾರಿಗೆ, ಅವುಗಳಲ್ಲಿ ಒಂದು ಪೊರೆ ಬಿಡುವುದನ್ನು ನಾನೂ ಮಗಳೂ ಟಾರ್ಚಿಗೆ ಕೆಂಪು ಬಣ್ಣದ ಕಾಗದ ಸುತ್ತಿ ಆ ಮಂದ ಬೆಳಕಿನಲ್ಲಿ ನೋಡಿದೆವು. ಮೊದಲು ತಲೆಯ ಹಿಂಭಾಗದಲ್ಲಿ, ಬೆನ್ನಿನ ಮೇಲೆ, ಕೂದಲೆಳೆಯಂಥ ಒಂದು ಬಿರುಕು ಕಾಣಿಸಿತು. ಗಾಳಿ ನುಂಗಿ ಮೈ ಉಬ್ಬಿಸಿಕೊಂಡೇ ಕೀಟ ಆ ಬಿರುಕು ಮೂಡಿಸುತ್ತದೆ. ಬಿರುಕಿನಿಂದ ತೆಳು ಹಸಿರಿನ ಹೊಸ ಬೆನ್ನು ಹೊರಕ್ಕೆ ಬಾಗಿತು, ಆಮೇಲೆ ತಲೆ, ಆಮೇಲೆ ಕುಡಿಮೀಸೆಗಳು ಒಂದೊಂದೇ ಬಳುಕುತ್ತಾ ಬಿಡಿಸಿಕೊಂಡವು. ಕಾಲುಗಳು ಹೊರಬಂದ ಬಗೆಯೇ ಬೆರಗಿನದು: ಅಷ್ಟುದ್ದದ, ನೂಲಿನಂಥ ಆರು ಕಾಲುಗಳು ಆರು ಹಳೆಯ ಕೊಳವೆಗಳಿಂದ ಒಟ್ಟಿಗೆ, ಉದ್ದತೋಳಿನ ಅಂಗಿಯಿಂದ ಕೈ ಎಳೆದುಕೊಂಡ ಹಾಗೆ, ಜಾರಿ ಬಂದವು. ಕೊನೆಗೆ ಬಾಲದ ತುದಿಯೊಂದೇ ಪೊರೆಯಲ್ಲಿ ಸಿಕ್ಕಿಕೊಂಡು, ಮೈಯೆಲ್ಲ ಗಾಳಿಯಲ್ಲಿ ಕೆಳಮುಖವಾಗಿ ತೂಗುತ್ತಿತ್ತು. ಒಂದಷ್ಟು ಹೊತ್ತು ಹಾಗೆಯೇ ಇದ್ದು, ಕಾಲುಗಳಿಗೆ ಬಲ ಬಂದ ಮೇಲೆ ಅದು ಮೇಲಕ್ಕೆ ಬಾಗಿ, ತನ್ನದೇ ಹಳೆಯ ಪೊರೆಯನ್ನು ಹಿಡಿದು ಹತ್ತಿ, ಅದನ್ನು ತಲೆಯ ಕಡೆಯಿಂದ ತಿನ್ನತೊಡಗಿತು. ಪೂರ್ತಿ ತಿನ್ನುವ ಮೊದಲು ಉದುರಿದ ಒಂದು ತುಂಡನ್ನು ಭೂತಕನ್ನಡಿಯಲ್ಲಿ ನೋಡಿದಾಗ ಒಳಬದಿಯಲ್ಲಿ ಬಿಳಿಯ ಸಣ್ಣ ಎಳೆಗಳು ಕಂಡವು. ಅವು ಉಸಿರ್ನಾಳಗಳ ಒಳಪದರ. ಹೊರಗಿನ ಚರ್ಮದ ಜೊತೆಗೆ ಕೀಟ ತನ್ನ ಉಸಿರಿನ ದಾರಿಯ ಒಳಹೊದಿಕೆಯನ್ನೂ ಎಳೆದು ತೆಗೆದಿತ್ತು.

ಈ ದೃಶ್ಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗೂಡಿನ ಎತ್ತರದ ಲೆಕ್ಕ ತಾನಾಗಿ ಬರುತ್ತದೆ. ಮೇಲೆ ತೂಗುತ್ತಿರುವ ಹಳೆಯ ಪೊರೆ ಕೀಟದ ಒಂದು ಉದ್ದ; ಅದರಿಂದ ಕೆಳಕ್ಕೆ ಜಾರಿದ ಹೊಸ ಮೈ ಇನ್ನೊಂದು ಉದ್ದ, ಅದೂ ಹಳೆಯದಕ್ಕಿಂತ ದೊಡ್ಡದು, ಜೊತೆಗೆ ಮುಂದಕ್ಕೆ ಚಾಚಿದ ಮುಂಗಾಲುಗಳು. ಹೀಗಾಗಿ ಕೀಟದ ಉದ್ದದ ಎರಡರಷ್ಟು ಜಾಗ ಸಾಲುವುದೇ ಇಲ್ಲ, ಮೂರರಷ್ಟು ಬೇಕೇ ಬೇಕು. ಬೆಳೆದ ಕರಾಸಿಯಸ್ ಎಂಟೊಂಬತ್ತು ಸೆಂಟಿಮೀಟರ್ ಇರುತ್ತದೆ. ಆದ್ದರಿಂದ ಗೂಡಿನ ಎತ್ತರ 30 ಸೆಂಟಿಮೀಟರಿಗೆ ಕಡಿಮೆ ಇರಬಾರದು, 40 ಇದ್ದರೆ ನಿಶ್ಚಿಂತೆ. ತೂಗುತ್ತಿರುವಾಗ ತಳ ತಾಕಿದರೆ ಇನ್ನೂ ಮೇಣದಂತಿರುವ ಮೈ ಬಾಗಿ, ಬಾಗಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ನನ್ನ ಡಬ್ಬಿಯಲ್ಲಿ ನಡೆದದ್ದು ಅದೇ. ಚಾವಣಿ ನುಣುಪಾದ ಗಾಜೋ ಪ್ಲಾಸ್ಟಿಕ್ಕೋ ಆಗಿರದೆ ಕಾಲಿನ ಉಗುರು ಸಿಕ್ಕಿಕೊಳ್ಳುವಂಥ ಬಲೆಯಾಗಿರಬೇಕು, ಮತ್ತು ಅದರ ಕೆಳಗೆ ಸ್ವಲ್ಪ ಜಾಗ ಸೊಪ್ಪಿಲ್ಲದೆ ಖಾಲಿ ಇರಬೇಕು. ಗೂಡಿನಲ್ಲಿ ಕೀಟಗಳು ಕಿಕ್ಕಿರಿದರೆ ಪೊರೆ ಬಿಡುತ್ತಿರುವ ಒಂದರ ಮೇಲೆ ಇನ್ನೊಂದು ನಡೆದು ಅದನ್ನು ಬೀಳಿಸುತ್ತದೆ, ಆದ್ದರಿಂದ ಸಂಖ್ಯೆಯ ಮಿತಿಯೂ ಮುಖ್ಯ. ಸೊಳ್ಳೆಪರದೆಯಂಥ ಬಟ್ಟೆಯ, ಝಿಪ್ ಇರುವ, ಚಿಟ್ಟೆ ಸಾಕುವ ಉದ್ದನೆಯ ಗೂಡು ಅಗ್ಗಕ್ಕೆ ಸಿಗುತ್ತದೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹಳೆಯ ಮೀನಿನ ಗಾಜಿನ ತೊಟ್ಟಿಯಿದ್ದರೆ ಅದನ್ನು ಉದ್ದುದ್ದ ನಿಲ್ಲಿಸಿ, ತೆರೆದ ಬದಿಗೆ ಬಲೆ ಬಿಗಿದು ಬಳಸಬಹುದು.

ತೇವದ ನಿಯಮವೂ ಪೊರೆಯಿಂದಲೇ ಬರುವುದು. ಎರಡು ಕವಚಗಳ ನಡುವಿನ ಆ ದ್ರವ ಒಣ ಗಾಳಿಯಲ್ಲಿ ಬೇಗ ಆರಿಹೋಗುತ್ತದೆ, ಪೊರೆ ಕಾಲಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ದಿನವೂ ಸಂಜೆ ಸ್ಪ್ರೇ ಬಾಟಲಿಯಿಂದ ಎಲೆಗಳ ಮೇಲೆ ಸಣ್ಣಗೆ ನೀರು ಚಿಮುಕಿಸಬೇಕು. ಕೀಟಗಳು ಆ ಹನಿಗಳನ್ನೇ ಕುಡಿಯುತ್ತವೆ. ಬಟ್ಟಲಲ್ಲಿ ನೀರಿಡುವುದು ಬೇಡ. ಆದರೆ ಬೆಳಗಾಗುವಷ್ಟರಲ್ಲಿ ಗೂಡು ಆರಿರಬೇಕು. ತೇವ ಬೇಕೆಂದು ಗಾಳಿಯಾಡದಂತೆ ಮುಚ್ಚಿಟ್ಟರೆ ಎಲೆಗೂ ಹಿಕ್ಕೆಗೂ ಬೂಷ್ಟು ಹಿಡಿಯುತ್ತದೆ, ಮತ್ತು ಬೂಷ್ಟು ಹಿಡಿದ ಗೂಡಿನಲ್ಲಿ ಮರಿಗಳು ಉಳಿಯುವುದಿಲ್ಲ. ಪೊರೆ ಕಾಲಿಗೆ ಅಂಟಿಕೊಂಡೇಬಿಟ್ಟರೆ ಎಳೆಯಬಾರದು. ಬಣ್ಣ ಹಚ್ಚುವ ಮೆತ್ತನೆಯ ಕುಂಚವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಆ ಜಾಗವನ್ನಷ್ಟೇ ಒದ್ದೆ ಮಾಡಿ ಕಾಯಬೇಕು. ಅದರಿಂದಲೂ ಬಿಡದಿದ್ದರೆ ಕೀಟ ಆ ಕಾಲನ್ನೇ ಬಿಟ್ಟುಕೊಡುತ್ತದೆ.

ಕಾಲು ಬಿಟ್ಟುಕೊಡುವುದು ಎಂಬ ಮಾತನ್ನು ಅಕ್ಷರಶಃ ಹೇಳಿದ್ದೇನೆ. ಕಡ್ಡಿಕೀಟದ ಪ್ರತಿ ಕಾಲಿನ ಬುಡದಲ್ಲಿ, ತೊಡೆ ಶುರುವಾಗುವ ಕಡೆ, ಕಳಚಲೆಂದೇ ಇರುವ ಒಂದು ಕೀಲು ಇದೆ. ಹಕ್ಕಿಯ ಕೊಕ್ಕಿಗೆ ಕಾಲು ಸಿಕ್ಕರೆ ಅದನ್ನು ಅಲ್ಲಿಯೇ ಕಳಚಿ ಜೀವ ಉಳಿಸಿಕೊಳ್ಳುತ್ತದೆ. ಮಗುವಿನ ಬೆರಳಿಗೆ ಸಿಕ್ಕರೂ ಅಷ್ಟೇ. ಮುಂದಿನ ಸಲ ಪೊರೆ ಬಿಟ್ಟಾಗ ಅಲ್ಲೊಂದು ಗಿಡ್ಡನೆಯ, ಸುರುಳಿ ಸುತ್ತಿದ ಕಾಲು ಮೂಡಿ, ಅದರ ಮುಂದಿನ ಸಲ ಇನ್ನಷ್ಟು ಬೆಳೆಯುತ್ತದೆ. ಇನ್ನೂ ವಿಚಿತ್ರವೆಂದರೆ, ಕುಡಿಮೀಸೆ ಬುಡದಲ್ಲೇ ತುಂಡಾದ ಮರಿಗೆ ಕೆಲವೊಮ್ಮೆ ಆ ಜಾಗದಲ್ಲಿ ಮೀಸೆಯ ಬದಲು ಕಾಲಿನ ತುದಿಯೊಂದು ಬೆಳೆಯುತ್ತದೆ. ಇದನ್ನು ಪ್ರಯೋಗಾಲಯಗಳಲ್ಲಿ ನೂರು ವರ್ಷಗಳ ಹಿಂದೆಯೇ ಗಮನಿಸಿದ್ದಾರೆ. ಆದರೆ ಈ ದುರಸ್ತಿಯೆಲ್ಲ ನಡೆಯುವುದು ಪೊರೆ ಬಿಡುವಾಗ ಮಾತ್ರ. ಕೊನೆಯ ಪೊರೆ ಬಿಟ್ಟ ಮೇಲೆ ಕಳೆದುಕೊಂಡ ಕಾಲು ಮತ್ತೆ ಬರುವುದಿಲ್ಲ. ಕರಾಸಿಯಸ್‌ನಲ್ಲಿ ಅದನ್ನು ತಿಳಿಯುವುದು ಸುಲಭ: ಬೆಳೆದ ಹೆಣ್ಣಿನ ಮುಂಗಾಲುಗಳ ಬುಡದ ಒಳಬದಿಯಲ್ಲಿ ಕುಂಕುಮದಂಥ ಕೆಂಪು ಪಟ್ಟಿ ಮೂಡಿರುತ್ತದೆ, ಮರಿಗಳಲ್ಲಿ ಇರುವುದಿಲ್ಲ.

ಆದ್ದರಿಂದ ಎತ್ತಿಕೊಳ್ಳುವ ಕ್ರಮ ಹೀಗೆ: ಬೆನ್ನ ಮೇಲಿಂದ ಚಿಮಟದಂತೆ ಬೆರಳು ಇಳಿಸದೆ, ಕೀಟದ ಮುಂದೆ ಅಂಗೈ ಒಡ್ಡಿ, ಹಿಂದಿನಿಂದ ಕುಂಚದಲ್ಲಿ ಮೆಲ್ಲಗೆ ತಾಗಿಸಿದರೆ ಅದಾಗಿಯೇ ನಡೆದು ಬರುತ್ತದೆ. ನಡೆಯುವಾಗ ಅದರ ಹೆಜ್ಜೆಗಳನ್ನು ಗಮನಿಸಿ. ಆರು ಕಾಲುಗಳ ಈ ಹೊಂದಾಣಿಕೆಯನ್ನು ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದವರು ದಶಕಗಳ ಕಾಲ ಅಭ್ಯಸಿಸಿ, ಅದರ ಆಧಾರದ ಮೇಲೆ ನಡೆಯುವ ರೋಬೋಟನ್ನೇ ಕಟ್ಟಿದ್ದಾರೆ. ಹೆದರಿದ ಕೀಟ ಕಾಲುಗಳನ್ನೆಲ್ಲ ಮೈಗೆ ಅಂಟಿಸಿಕೊಂಡು ಒಣಕಡ್ಡಿಯಂತೆ ಬಿದ್ದುಬಿಡುತ್ತದೆ ಮತ್ತು ಬಹಳ ಹೊತ್ತು ಹಾಗೆಯೇ ಇರುತ್ತದೆ. ಸತ್ತಿತೆಂದು ಎಸೆಯುವ ಮೊದಲು ಒಂದು ರಾತ್ರಿ ಕಾಯಿರಿ. ತೂಗುತ್ತಿರುವ ಕೀಟವನ್ನೂ ಈಗಷ್ಟೇ ಪೊರೆ ಬಿಟ್ಟ ಮೆತ್ತನೆಯ ಕೀಟವನ್ನೂ ಮುಟ್ಟಲೇಬಾರದು. ನಮ್ಮ ಮನೆಯಲ್ಲಿ ಗೂಡಿನೊಳಗೆ ಯಾವುದಾದರೂ ಒಂದು ಕೀಟ ತೂಗುತ್ತಿದ್ದರೆ ಝಿಪ್‌ಗೆ ಕೆಂಪು ದಾರ ಕಟ್ಟುತ್ತೇವೆ. ಆ ದಾರ ಇರುವ ದಿನ ಯಾರೂ ಗೂಡು ತೆರೆಯುವುದಿಲ್ಲ.

ಇನ್ನು ಸೊಪ್ಪು. ಬ್ರಿಟನ್ನಿನಲ್ಲಿ ಕರಾಸಿಯಸ್‌ಗೆ ಮುಖ್ಯವಾಗಿ ಕೊಡುವುದು ಮೂರು: ಬೇಲಿ ಬೇಲಿಗಳಲ್ಲಿ ಬೆಳೆಯುವ ಬ್ಲ್ಯಾಕ್‌ಬೆರಿಯ ಮುಳ್ಳುಬಳ್ಳಿ, ಐವಿ ಮತ್ತು ಪ್ರಿವೆಟ್ ಎಂಬ ಬೇಲಿಗಿಡ. ಇವುಗಳಲ್ಲಿ ಒಂದನ್ನೂ ಅದು ಪಳನಿ ಬೆಟ್ಟದಲ್ಲಿ ಆಹಾರವಾಗಿ ಕಂಡಿರಲಾರದು. ಹೊಸ ನಾಡಿನ ಸೊಪ್ಪಿಗೆ ಇಷ್ಟು ಸಲೀಸಾಗಿ ಹೊಂದಿಕೊಂಡದ್ದರಿಂದಲೇ ಅದು ಯುರೋಪಿನಲ್ಲಿ ಇಷ್ಟು ಹರಡಿತು. ಮುಳ್ಳುಬಳ್ಳಿಗೆ ಮತ್ತು ಐವಿಗೆ ಇನ್ನೊಂದು ಗುಣವಿದೆ, ಚಳಿಗಾಲದಲ್ಲೂ ಅವು ಹಸಿರಾಗಿರುತ್ತವೆ. ಕೀಟ ಕೊಳ್ಳುವ ಮೊದಲು ಡಿಸೆಂಬರ್, ಜನವರಿಯಲ್ಲಿ ಸೊಪ್ಪು ಎಲ್ಲಿಂದ ತರುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ವರ್ಷವಿಡೀ ಸೊಪ್ಪು ಸಿಗುವ ಒಂದು ಜಾಗ ಗೊತ್ತಿಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಆಹಾರ ಇವಕ್ಕೆ ಇಲ್ಲ, ಅಡುಗೆಮನೆಯ ಲೆಟ್ಯೂಸ್ ಸೊಪ್ಪಿನಿಂದ ಇವು ಚೆನ್ನಾಗಿ ಬೆಳೆಯುವುದೂ ಇಲ್ಲ.

ಕೊಂಬೆಗಳನ್ನು ನೀರು ತುಂಬಿದ ಸಣ್ಣ ಬಾಟಲಿಯಲ್ಲಿ ನಿಲ್ಲಿಸಿದರೆ ನಾಲ್ಕೈದು ದಿನ ಬಾಡುವುದಿಲ್ಲ. ಬಾಟಲಿಯ ಬಾಯಿಗೆ ಹತ್ತಿಯನ್ನೋ ಅಲ್ಯೂಮಿನಿಯಂ ಹಾಳೆಯನ್ನೋ ಒತ್ತಿ ತುಂಬಲೇಬೇಕು, ಇಲ್ಲದಿದ್ದರೆ ಮರಿಗಳು ಕಾಂಡ ಹಿಡಿದು ಕೆಳಗಿಳಿದು ಮುಳುಗುತ್ತವೆ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿ ಎಲೆಯನ್ನು ಅಂಚಿನಿಂದಲೇ ತಿನ್ನಲು ಶುರುಮಾಡುತ್ತದೆ. ಬಲಿತ ಎಲೆಯ ಗಟ್ಟಿ ಅಂಚು ಅದರ ಬಾಯಿಗೆ ಬಗ್ಗದು. ಆದ್ದರಿಂದ ಮೊದಲ ವಾರಗಳಲ್ಲಿ ಎಲೆಗಳ ಅಂಚನ್ನು ಕತ್ತರಿಯಿಂದ ಸುತ್ತಲೂ ಕತ್ತರಿಸಿ ಕೊಟ್ಟರೆ ಎಷ್ಟೋ ಮರಿಗಳು ಬದುಕುತ್ತವೆ.

ಸೊಪ್ಪಿನ ವಿಷಯದಲ್ಲಿ ನನಗಾದ ಒಂದು ನಷ್ಟವನ್ನು ಹೇಳಬೇಕು. ಎರಡನೆಯ ಚಳಿಗಾಲದಲ್ಲಿ ಹಿಮ ಬಿದ್ದ ವಾರ, ಹೊರಗೆ ಹೋಗಲಾರದೆ, ಗಿಡ ಮಾರುವ ಅಂಗಡಿಯೊಂದರಿಂದ ಕುಂಡದಲ್ಲಿ ಬೆಳೆಸಿದ ಐವಿ ತಂದೆ. ಎಲೆಗಳನ್ನು ನಲ್ಲಿಯ ಕೆಳಗೆ ಎರಡು ಸಲ ತೊಳೆದೇ ಹಾಕಿದ್ದೆ. ಮರುದಿನ ಬೆಳಿಗ್ಗೆ ಕೀಟಗಳ ಕಾಲುಗಳು ಅದುರುತ್ತಿದ್ದವು, ಸಂಜೆಯ ಹೊತ್ತಿಗೆ ಹನ್ನೊಂದರಲ್ಲಿ ಒಂಬತ್ತು ಕೆಳಗೆ ಬಿದ್ದಿದ್ದವು. ಕೆಲವು ಕೀಟನಾಶಕಗಳು ಎಲೆಯ ಮೇಲೆ ನಿಲ್ಲುವಂಥವಲ್ಲ. ಬೇರಿನಿಂದ ಹೀರಲ್ಪಟ್ಟು ಗಿಡದ ರಸದಲ್ಲೇ ಸೇರಿಕೊಂಡಿರುತ್ತವೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಅಂಗಡಿಯ ಗುಲಾಬಿ, ನರ್ಸರಿಯ ಹೊಸ ಗಿಡ, ಔಷಧಿ ಹೊಡೆಯುವ ಉದ್ಯಾನದ ಬೇಲಿ, ಇವ್ಯಾವುದರ ಸೊಪ್ಪೂ ಬೇಡ. ಯಾರೂ ಆರೈಕೆ ಮಾಡದ ಪಾಳು ಜಾಗದ ಮುಳ್ಳುಬಳ್ಳಿಯೇ ಅತ್ಯುತ್ತಮ. ಹೊಸ ಜಾಗದ ಸೊಪ್ಪನ್ನು ಮೊದಲು ಒಂದೆರಡು ಕೀಟಗಳಿಗೆ ಮಾತ್ರ ಬೇರೆ ಡಬ್ಬಿಯಲ್ಲಿ ಕೊಟ್ಟು ಎರಡು ದಿನ ನೋಡುವ ಅಭ್ಯಾಸವನ್ನು ಆ ದಿನದಿಂದ ಬಿಟ್ಟಿಲ್ಲ.

ಕಡ್ಡಿಕೀಟದ ಸಾಕಣೆ ಒಂದು ವರ್ಷ ಕೈಹಿಡಿದ ಮೇಲೆ ಹಲವರ ಮನಸ್ಸು ಎಲೆಕೀಟದ ಕಡೆ ಹೊರಳುತ್ತದೆ, ಮತ್ತು ಅದು ಸಹಜ. ಎಲೆಯ ನರ, ಅಂಚಿನ ಕಂದು ಕಲೆ, ಹುಳು ತಿಂದಂಥ ಕಚ್ಚು, ಎಲ್ಲವನ್ನೂ ಮೈಮೇಲೆ ಹೊತ್ತ ಈ ಜೀವಿ ಉಸಿರು ತಾಗಿದರೂ ಗಾಳಿಗೆ ಎಲೆ ಅಲ್ಲಾಡಿದಂತೆ ತೊನೆಯುತ್ತದೆ. ಜರ್ಮನಿಯ ಮೆಸೆಲ್‌ನಲ್ಲಿ ಸಿಕ್ಕ ಎಲೆಕೀಟದ ಪಳೆಯುಳಿಕೆ 4.7 ಕೋಟಿ ವರ್ಷ ಹಳೆಯದು. ಅದರ ಆಕಾರ ಇಂದಿನವುಗಳಿಗೆ ತೀರ ಹತ್ತಿರ. ಸಾಕುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫಿಲಿಪ್ಪೀನ್ಸ್‌ನ ಫಿಲಿಯಂ ಫಿಲಿಪ್ಪಿನಿಕಂ, 2009ರಲ್ಲಿ ಹೆಸರು ಪಡೆದ ಪ್ರಭೇದ. ಯುರೋಪಿನಲ್ಲಿ ಇದು ಮುಳ್ಳುಬಳ್ಳಿ ಮತ್ತು ಓಕ್ ಎಲೆ ತಿನ್ನುತ್ತದೆ. ಉಷ್ಣವಲಯದಲ್ಲಿ ಸಾಕುವವರು ಸೀಬೆಯ ಎಲೆ ಕೊಡುತ್ತಾರೆ.

ಕಡ್ಡಿಕೀಟದ ರೂಢಿಯನ್ನೇ ಇದಕ್ಕೆ ಅನ್ವಯಿಸಿದರೆ ಮಾತ್ರ ಕೆಡುತ್ತದೆ. ಇದು ತಂಪು ಬೆಟ್ಟದ ಜೀವಿಯಲ್ಲ. 22ರಿಂದ 28 ಡಿಗ್ರಿ ಬೆಚ್ಚಗೆ ಬೇಕು, ತೇವ ಹೆಚ್ಚು ಬೇಕು, ಆದರೆ ಗಾಳಿಯೂ ಆಡುತ್ತಿರಬೇಕು, ಮತ್ತು ಈ ಮೂರನ್ನೂ ಒಟ್ಟಿಗೆ ಉಳಿಸಿಕೊಳ್ಳುವುದೇ ಕಷ್ಟ. ಮೊಟ್ಟೆಯೊಡೆದು ಬಂದ ಮರಿಗಳು ಹಸಿರಾಗಿರುವುದಿಲ್ಲ, ಕಡುಗೆಂಪು ಕಂದಾಗಿರುತ್ತವೆ. ಮೊದಲ ದಿನಗಳಲ್ಲಿ ಎಲೆ ಮುಟ್ಟದೆ ಗೂಡಿನ ತುಂಬ ಓಡಾಡುತ್ತವೆ, ಆಗಲೇ ಬಹಳಷ್ಟು ಸಾಯುತ್ತವೆ. ತಿನ್ನಲು ಹಿಡಿದ ಮರಿ ಕ್ರಮೇಣ ಹಸಿರಾಗುತ್ತದೆ. ಕಿಕ್ಕಿರಿದ ಗೂಡಿನಲ್ಲಿ ಒಂದು ಇನ್ನೊಂದರ ಅಂಚನ್ನು ಎಲೆಯೆಂದೇ ಕಡಿಯುವುದೂ ಉಂಟು. ಗಂಡು ಸಣ್ಣದು, ತೆಳ್ಳಗಿದ್ದು ಹಾರುತ್ತದೆ, ಬೆಳೆದ ಮೇಲೆ ಕೆಲವೇ ವಾರ ಬದುಕುತ್ತದೆ. ಅಗಲವಾದ ಹೆಣ್ಣು ಹಾರಲಾರದು, ತಿಂಗಳುಗಟ್ಟಲೆ ಬದುಕುತ್ತದೆ. ಕಡ್ಡಿಕೀಟದ ಒಂದು ಪೀಳಿಗೆಯನ್ನು ಮೊಟ್ಟೆಯಿಂದ ಮೊಟ್ಟೆಯವರೆಗೆ ಸಾಕಿ ನೋಡಿದವರು ಮಾತ್ರ ಇದಕ್ಕೆ ಕೈ ಹಾಕಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇನ್ನು, ಅಮೆರಿಕದ ಅನಿಸೊಮಾರ್ಫಾ ಮತ್ತು ಪೆರುವಿನ ಕಪ್ಪು ಪೆರುಫಾಸ್ಮಾ ಎಂಬ ಕಡ್ಡಿಕೀಟಗಳು ನೋಡಲು ಚೆಂದವಿದ್ದರೂ ಎದೆಭಾಗದಿಂದ ಉರಿಯುವ ದ್ರವ ಚಿಮ್ಮಿಸುತ್ತವೆ. ಅನಿಸೊಮಾರ್ಫಾದ ದ್ರವ ಕಣ್ಣಿಗೆ ಬಿದ್ದರೆ ವೈದ್ಯರ ಬಳಿಗೆ ಓಡಬೇಕಾಗುತ್ತದೆ. ಮಕ್ಕಳಿರುವ ಮನೆಗೆ ಅವು ಬೇಡ.

ಮತ್ತೆ ಕರಾಸಿಯಸ್‌ಗೆ, ಅದರ ಮೊಟ್ಟೆಗೆ ಬರೋಣ. ಆರು ಮರಿಗಳಲ್ಲಿ ಗಂಡು ಯಾವುದು ಎಂದು ಮಗಳು ಕೇಳಿದ್ದಳು. ಒಂದೂ ಅಲ್ಲ. ಈ ಪ್ರಭೇದದಲ್ಲಿ ಗಂಡು ಅತಿ ವಿರಳ. ಹೆಣ್ಣು ಗಂಡಿನ ನೆರವಿಲ್ಲದೆ ಮೊಟ್ಟೆಯಿಡುತ್ತದೆ, ಆ ಮೊಟ್ಟೆಗಳಿಂದ ಹೆಣ್ಣುಗಳೇ ಹುಟ್ಟುತ್ತವೆ. ಮೊಟ್ಟೆಯೊಡೆದು ಸುಮಾರು ಅರ್ಧ ವರ್ಷಕ್ಕೆ ಬೆಳೆದು, ಆ ಮೇಲೆ ದಿನಕ್ಕೆ ಒಂದೆರಡರಂತೆ ಮೊಟ್ಟೆ ಉದುರಿಸುತ್ತಾ ತಿಂಗಳುಗಟ್ಟಲೆ ಬದುಕುವ ಒಂದು ಹೆಣ್ಣು ಸಾಯುವ ಹೊತ್ತಿಗೆ ನೂರಾರು ಮೊಟ್ಟೆ ಇಟ್ಟಿರುತ್ತದೆ. ಗೂಡಿನ ತಳಕ್ಕೆ ಹಾಸಿದ ಕಾಗದದ ಮೇಲೆ ಅವು ಬೀಳುವ ಸಣ್ಣ ಸದ್ದು ರಾತ್ರಿ ಮೌನದಲ್ಲಿ ಕಿವಿಗೆ ಬೀಳುತ್ತದೆ. ಎರಡೂವರೆ ಮಿಲಿಮೀಟರಿನ ಕಂದು ಪೀಪಾಯಿ, ಅದಕ್ಕೊಂದು ಮುಚ್ಚಳ, ಮುಚ್ಚಳದ ಮೇಲೆ ತೆಳುಹಳದಿಯ ಒಂದು ಗುಬುಟು. ಹಿಕ್ಕೆಗೂ ಮೊಟ್ಟೆಗೂ ಇರುವ ವ್ಯತ್ಯಾಸ ಈ ಗುಬುಟಿನಿಂದಲೇ ತಿಳಿಯುವುದು. ಇಂಥ ಗುಬುಟಿರುವ ಕಡ್ಡಿಕೀಟದ ಮೊಟ್ಟೆಗಳನ್ನು ಇರುವೆಗಳು ಬೀಜವೆಂಬಂತೆ ಹೊತ್ತೊಯ್ದು, ಗುಬುಟನ್ನು ಮಾತ್ರ ತಿಂದು, ಮೊಟ್ಟೆಯನ್ನು ಹಾನಿ ಮಾಡದೆ ಗೂಡಿನಲ್ಲಿ ಬಿಡುವುದನ್ನು ಆಸ್ಟ್ರೇಲಿಯದಲ್ಲಿ ಕಂಡುಕೊಂಡಿದ್ದಾರೆ. ಮಣ್ಣಿನಡಿ ಅದು ಪರೋಪಜೀವಿ ಕಣಜಗಳಿಂದ ಪಾರಾಗುತ್ತದೆ. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಮೊಟ್ಟೆಗಳನ್ನು ಆರಿಸಿ, ತೂತಿರುವ ಡಬ್ಬಿಯಲ್ಲಿ ತುಸು ತೇವದ ಮರಳಿನ ಮೇಲೆ ಹರಡಿ, ದಿನಾಂಕ ಬರೆದಿಡಬೇಕು. ಕೋಣೆಯ ಹವೆಯಲ್ಲಿ ಮೂರು ನಾಲ್ಕು ತಿಂಗಳಿಗೆ, ಕೆಲವು ಇನ್ನೂ ತಡವಾಗಿ, ಒಡೆಯುತ್ತವೆ.

ಹೊಸಬರು ಸಿದ್ಧರಾಗಿರದ ಸಮಸ್ಯೆ ಇಲ್ಲಿಂದ ಶುರುವಾಗುತ್ತದೆ. ಸಾವಿನ ಭಯ ಕಳೆದ ಮೇಲೆ ಎದುರಾಗುವುದು ಸಂಖ್ಯೆಯ ಭಾರ. ಮೂರು ಹೆಣ್ಣುಗಳು ಸಾವಿರ ಮೊಟ್ಟೆಯ ಹತ್ತಿರ ಬರಬಲ್ಲವು, ಮತ್ತು ಹೆಚ್ಚಾದವನ್ನು ತೋಟಕ್ಕೆ ಬಿಡುವುದು ಪ್ರೀತಿಯ ಕೆಲಸದಂತೆ ಕಂಡರೂ ದೊಡ್ಡ ತಪ್ಪು. ಒಂದೇ ಮೊಟ್ಟೆಯಿಂದ ಒಂದು ಸಂತತಿ ಬೆಳೆಯಬಲ್ಲ ಕೀಟಕ್ಕೆ ಹೊಸ ನೆಲದಲ್ಲಿ ನೆಲೆಯೂರಲು ಜೋಡಿಯೂ ಬೇಕಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಸುತ್ತಮುತ್ತ ಹೀಗೆ ಹೊರಬಿದ್ದ ಕರಾಸಿಯಸ್ ಇಂದು ತೋಟದ ಪೀಡೆ. ಬ್ರಿಟನ್ನಿನಲ್ಲಿ ಹೊರನಾಡಿನ ಪ್ರಾಣಿಯನ್ನು ಬಯಲಿಗೆ ಬಿಡುವುದು 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ ಅಪರಾಧ. ಅಮೆರಿಕದಲ್ಲಿ ಕಡ್ಡಿಕೀಟಗಳನ್ನು ಸಸ್ಯಪೀಡೆಯೆಂದೇ ಪರಿಗಣಿಸಿ, ತರಿಸಲು, ರಾಜ್ಯದಿಂದ ರಾಜ್ಯಕ್ಕೆ ಸಾಗಿಸಲು ಕೃಷಿ ಇಲಾಖೆಯ ಪರವಾನಗಿ ಕೇಳುತ್ತಾರೆ. ಅಲ್ಲಿರುವ ಕನ್ನಡಿಗರು ಇಲ್ಲಿನ ಬಂಧುಗಳಿಂದ ಲಕೋಟೆಯಲ್ಲಿ ಮೊಟ್ಟೆ ತರಿಸಿಕೊಳ್ಳುವ ಯೋಚನೆ ಬಿಡಬೇಕು. ಭಾರತಕ್ಕೂ ಜೀವಂತ ಕೀಟಗಳನ್ನು ಅನುಮತಿ ಇಲ್ಲದೆ ತರುವಂತಿಲ್ಲ, 2003ರ ಸಸ್ಯ ಸಂಪರ್ಕನಿಷೇಧ ಆದೇಶ ಅದನ್ನು ತಡೆಯುತ್ತದೆ.

ಊರಿಗೆ ಹೋದಾಗ ಮಲೆನಾಡಿನಲ್ಲಿ ಕಡ್ಡಿಕೀಟವೋ ಎಲೆಕೀಟವೋ ಕಂಡು ಮಕ್ಕಳು ಹಟ ಹಿಡಿಯುವುದುಂಟು. ಪಶ್ಚಿಮ ಘಟ್ಟದಲ್ಲಿ ಎರಡೂ ಇವೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನ ಯಾವ ಜೀವಿಯನ್ನೂ ಎತ್ತಿಕೊಂಡು ಬರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸ್ಪಷ್ಟವಾಗಿದೆ. ನಮ್ಮದೇ ಹಿತ್ತಲಿನಲ್ಲಿ ಕಂಡದ್ದಾದರೆ ಅದು ಯಾವ ಗಿಡದ ಮೇಲೆ ಕೂತಿದೆ, ಆ ಗಿಡದ ಎಲೆಯ ಅಂಚು ಹೊಸದಾಗಿ ತಿಂದಂತಿದೆಯೇ ಎಂದು ನೋಡಿ, ರಾತ್ರಿ ಟಾರ್ಚ್ ಹಿಡಿದು ಅದೇ ಗಿಡದ ಬಳಿಗೆ ಮಕ್ಕಳನ್ನು ಕರೆದೊಯ್ಯಿರಿ. ಡಬ್ಬಿಯಲ್ಲಿ ಹಾಕಿ ಬೆಂಗಳೂರಿಗೆ ತಂದರೆ ಆ ಗಿಡ ಅಲ್ಲಿ ಸಿಗುವುದಿಲ್ಲ, ಬೇರೆ ಸೊಪ್ಪನ್ನು ಅದು ಮುಟ್ಟದಿರಬಹುದು.

ಹೆಚ್ಚಾದ ಮೊಟ್ಟೆಗಳಿಗೆ ಸಾಕುವವರೆಲ್ಲ ಅನುಸರಿಸುವ ದಾರಿ ಫ್ರೀಜರ್. ಭ್ರೂಣ ಬೆಳೆಯುವ ಮೊದಲೇ, ಅಂದರೆ ಮೊಟ್ಟೆ ಬಿದ್ದ ವಾರದೊಳಗೇ ಹಾಕುವುದು ಒಳ್ಳೆಯದು. ನಾವು ಪ್ರತಿ ಭಾನುವಾರ ಗೂಡಿನ ತಳದ ಕಾಗದವನ್ನು ಬಿಳಿ ತಟ್ಟೆಗೆ ಕೊಡವಿ, ಚಿಮಟದಿಂದ ಇಪ್ಪತ್ತು ಮೊಟ್ಟೆಗಳನ್ನು ಮಾತ್ರ ಆರಿಸಿ ಮರಳಿನ ಡಬ್ಬಿಗೆ ಹಾಕುತ್ತೇವೆ, ಅದೂ ಮುಂದಿನ ಪೀಳಿಗೆ ಬೇಕಾದ ತಿಂಗಳಲ್ಲಿ ಮಾತ್ರ. ಉಳಿದ ಮೊಟ್ಟೆ, ಹಿಕ್ಕೆ, ತಿಂದುಳಿದ ಎಲೆ, ಎಲ್ಲವನ್ನೂ ಕಾಗದದ ಸಮೇತ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಟ್ಟು, ಆಮೇಲೆ ಕಸದ ಬುಟ್ಟಿಗೆ ಹಾಕುತ್ತೇವೆ. ಗೊಬ್ಬರದ ಗುಂಡಿಗೆ ಹಾಗೆಯೇ ಸುರಿಯುವುದಿಲ್ಲ. ಎಣಿಸಿ ಆರಿಸುವ ಕೆಲಸ ಮಗಳದ್ದು. ಚೀಲದ ಮೇಲೆ ಫ್ರೀಜರಿಗೆ ಹಾಕಿದ ದಿನಾಂಕವನ್ನು ಕನ್ನಡ ಅಂಕಿಯಲ್ಲಿ ಬರೆಯುವುದೂ ಅವಳೇ.